ಅತ್ತೆಯ ವಿರುದ್ಧ ಗೆದ್ದ ಚರ್ಚೆ

ಹೈಸ್ಕೂಲಿನ ಕೊನೆಯ ವರ್ಷದಲ್ಲಿ ನಾನೊಂದು ಚರ್ಚಾಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದೆ. ಗಂಡಸರು ಮಾಡುವ ಕೆಲಸವನ್ನೇ ಮಾಡುವ ಹೆಂಗಸರಿಗೆ ಅಷ್ಟೇ ಸಂಬಳ ಕೊಡಬೇಕೇ ಎಂಬುದು ವಿಷಯ. ಕೊಡಬಾರದು ಎಂದು ವಾದಿಸಿ ಗೆದ್ದೆ. ಆ ಹೊತ್ತಿನಲ್ಲಿ ನಾನು ಉಟ್ಟಿದ್ದ ಲಂಗ, ಮೆಟ್ಟಿದ್ದ ಚಪ್ಪಲಿ, ಬೆಳಿಗ್ಗೆ ತಿಂದು ಹೋಗಿದ್ದ ಉಪ್ಪಿಟ್ಟು ಎಲ್ಲವೂ ಒಬ್ಬ ಹೆಂಗಸಿನ ಸಂಬಳದಿಂದಲೇ ಬಂದದ್ದು. ಆಕೆ ನನ್ನ ಸೋದರತ್ತೆ, ಅಪ್ಪನ ಒಬ್ಬಳೇ ತಂಗಿ. ಅದೇ ಶಾಲೆಯಲ್ಲಿ ಗಣಿತದ ಮೇಡಂ.

ನಮ್ಮ ಮನೆ ಸಿದ್ದಾಪುರದಲ್ಲಿತ್ತು, ಲಾಲ್‌ಬಾಗಿನ ಗೋಡೆಯಿಂದ ಎರಡು ಬೀದಿ ಈಚೆ. ಅಪ್ಪ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದರು. ವರ್ಷಗಟ್ಟಲೆ ಹತ್ತಿಯ ಧೂಳು ಕುಡಿದು ಎದೆ ಹಾಳಾಯಿತು. ನನಗೆ ಎಂಟು ವರ್ಷವಾದಾಗ ಗಿರಣಿಯವರು ಅವರನ್ನು ಮನೆಗೆ ಕಳಿಸಿದರು. ಅಲ್ಲಿಂದ ಮುಂದೆ ಅಪ್ಪ ನಡುಮನೆಯ ಮಂಚದ ಮೇಲೆ ಗೋಡೆಗೊರಗಿ ಕೂತೇ ದಿನ ಕಳೆಯುತ್ತಿದ್ದರು. ಮೆಟ್ಟಿಲು ಹತ್ತಿದರೆ ಉಬ್ಬಸ, ಗಟ್ಟಿಯಾಗಿ ಮಾತಾಡಿದರೆ ಕೆಮ್ಮು. ಅಮ್ಮ ಅವರನ್ನು ನೋಡಿಕೊಂಡು ಮನೆ ನಡೆಸುತ್ತಿದ್ದಳು. ಹೊರಗೆ ಹೋಗಿ ದುಡಿದು ತರುತ್ತಿದ್ದವರು ಅತ್ತೆ.

ಅತ್ತೆ ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ತಾತ ನಂಟರ ಮಾತಿಗೆ ಕಿವಿಗೊಡದೆ ಅವರನ್ನು ಬಿ.ಎಸ್ಸಿ. ತನಕ ಓದಿಸಿದ್ದರು. ಎತ್ತರದ ಆಳು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಲಿಂಗಪೂಜೆ ಮುಗಿಸಿ, ಅಪ್ಪನಿಗೆ ಬಿಸಿನೀರು ಕುಡಿಸಿ, ನನ್ನನ್ನು ಕರೆದುಕೊಂಡು ಜಯನಗರದ ಕಡೆ ಹೊರಡುತ್ತಿದ್ದರು. ಬಸ್ಸಿತ್ತು, ಆದರೆ ನಾವು ನಡೆದೇ ಹೋಗುತ್ತಿದ್ದೆವು. ಆಗ ಜಯನಗರದಲ್ಲಿ ಒಂದು ಮನೆಗೆ ನಾಲ್ಕು ಖಾಲಿ ಸೈಟು. ಸೈಟುಗಳಲ್ಲಿ ಎತ್ತುಗಳು ಮೇಯುತ್ತಿದ್ದವು. ದಾರಿಯುದ್ದಕ್ಕೂ ಅತ್ತೆ ನನಗೆ ಬಾಯಿಲೆಕ್ಕ ಕೇಳುತ್ತಿದ್ದರು. ನಾನು ತಪ್ಪು ಹೇಳಿದರೆ ಸುಮ್ಮನೆ ನಡೆಯುತ್ತಿದ್ದರು. ಸರಿಯಾದ ಉತ್ತರ ಬರುವ ತನಕ ತುಟಿ ಬಿಚ್ಚುತ್ತಿರಲಿಲ್ಲ.

ಶಾಲೆ ನಡೆಸುತ್ತಿದ್ದುದು ನಮ್ಮದೇ ಪಂಥದ ಒಂದು ಧಾರ್ಮಿಕ ಟ್ರಸ್ಟು. ಅದರ ಹೆಸರು ಇಲ್ಲಿ ಬೇಡ. ಸರ್ಕಾರದ ಅನುದಾನ ತೆಗೆದುಕೊಳ್ಳುತ್ತಿರಲಿಲ್ಲ. ಭಕ್ತರ ಕಾಣಿಕೆಯಿಂದ, ಮಕ್ಕಳ ಫೀಜಿನಿಂದ ನಡೆಯುತ್ತಿತ್ತು. ಅದನ್ನೇ ಟ್ರಸ್ಟಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ ಪ್ರವಚನ. ದೇವರ ಮುಂದೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ನಾವು ಆ ಪ್ರವಚನಗಳಲ್ಲಿ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಅತ್ತೆ ಆ ಮಾತನ್ನು ನಂಬಿದ್ದರು. ಹನ್ನೆರಡು ವರ್ಷದಿಂದ ಮೇಲಿನ ತರಗತಿಗಳಿಗೆ ಗಣಿತ ಹೇಳುತ್ತಿದ್ದರು. ಅವರ ಕೈಲಿ ಕಲಿತು ಗಣಿತದಲ್ಲಿ ಫೇಲಾದವರು ಕಡಿಮೆ.

ಆ ವರ್ಷ ಹೊಸಬರೊಬ್ಬರು ಮೇಷ್ಟ್ರಾಗಿ ಬಂದರು. ಇಪ್ಪತ್ತನಾಲ್ಕರ ಪ್ರಾಯ, ಹೊಸದಾಗಿ ಮದುವೆಯಾಗಿದ್ದವರು. ಅವರೂ ಗಣಿತದವರೇ. ಮೊದಲ ತಿಂಗಳು ತರಗತಿಯಲ್ಲಿ ಹುಡುಗರು ಅವರ ಮಾತು ಕೇಳುತ್ತಿರಲಿಲ್ಲ. ಅತ್ತೆ ಅವರನ್ನು ತಮ್ಮ ಪಾಠಕ್ಕೆ ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿಕೊಂಡರು. ರೇಖಾಗಣಿತದ ಪ್ರಮೇಯವನ್ನು ಬೋರ್ಡಿನ ಮೇಲೆ ಹೇಗೆ ಬೆಳೆಸಿಕೊಂಡು ಹೋಗಬೇಕೆಂದು ತೋರಿಸಿದರು. ಮೇಷ್ಟ್ರು ಅದನ್ನು ಮರೆಯಲಿಲ್ಲ. ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಕಾಫಿ ಕುಡಿಯುತ್ತಾ ಮಾತಿನ ನಡುವೆ ತಮ್ಮ ಸಂಬಳ ಎಷ್ಟೆಂದು ಹೇಳಿಬಿಟ್ಟರು. ಅತ್ತೆಗೂ ಅಷ್ಟೇ ಅಥವಾ ಹೆಚ್ಚೇ ಇರುತ್ತದೆಂದು ಅವರು ತಿಳಿದಿದ್ದರು.

ಅತ್ತೆಯ ಕೈ ಲೋಟದ ಮೇಲೆ ಹಾಗೇ ನಿಂತಿತು.

"ನಿಮಗೆ ಅಷ್ಟು ಕೊಡ್ತಾರಾ?" ಎಂದರು.

"ಹೌದು ಮೇಡಂ. ಸಂಸಾರ ಭತ್ಯೆ ಅಂತ ಮೇಲೆ ಬೇರೆ ಕೊಡ್ತಾರೆ. ಯಾಕೆ, ನಿಮಗೆ..." ಎಂದವರು ಅತ್ತೆಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಅವರ ಹೆಂಡತಿ ತಲೆ ತಗ್ಗಿಸಿ ಸೆರಗಿನ ಅಂಚು ಮಡಚತೊಡಗಿದಳು. ಅತ್ತೆಯ ಸಂಬಳ ಅವರದರಲ್ಲಿ ಮುಕ್ಕಾಲು ಪಾಲಿಗೂ ಕಡಿಮೆಯಿತ್ತು.

ಮಾರನೆಯ ದಿನವೇ ಅತ್ತೆ ಟ್ರಸ್ಟಿನ ಕಾರ್ಯದರ್ಶಿಯನ್ನು ಕಂಡರು. ಶಾಲೆ ಮುಗಿದ ಮೇಲೆ ಅವರ ಕೋಣೆಯ ಹೊರಗೆ ಬೆಂಚಿನಲ್ಲಿ ನಾನು ಕಾದು ಕೂತಿದ್ದೆ. ಬಾಗಿಲು ತೆರೆದೇ ಇತ್ತು. ಕಾರ್ಯದರ್ಶಿ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಹಿರಿಯರು. ಕೆಟ್ಟವರೆಂದು ಹೇಳಲಾರೆ. ಹೆಂಗಸರು ಯಾರು ಬಂದರೂ ಎದ್ದು ನಿಂತು ಕೈ ಮುಗಿಯುತ್ತಿದ್ದರು.

"ಕೂತ್ಕೊಳಿ ತಾಯಿ," ಎಂದರು. ಎಲ್ಲ ಕೇಳಿದ ಮೇಲೆ ನಿಧಾನವಾಗಿ ಹೇಳಿದರು: "ಅದು ಸಂಸಾರ ನಡೆಸೋ ಗಂಡಸಿಗೆ ಅಂತ ಹಿರಿಯರು ಮಾಡಿಟ್ಟ ಏರ್ಪಾಡು. ಮನೆಗೆ ಯಜಮಾನ ಗಂಡಸು ಅಂತ ಟ್ರಸ್ಟಿನ ಪತ್ರದಲ್ಲೇ ಬರ್ದಿದಾರೆ. ಅದನ್ನ ನಾವು ಮುಟ್ಟಂಗಿಲ್ಲ."

"ನಾನೂ ಸಂಸಾರ ನಡೆಸ್ತೀನಿ ಸಾರ್. ನಾಲ್ಕು ಜನ ಊಟ ಮಾಡ್ತೀವಿ."

"ನಿಮ್ಮ ಅಣ್ಣ ಇದಾರಲ್ಲ ತಾಯಿ."

"ಅವರಿಗೆ ಮೈ ಸರಿ ಇಲ್ಲ. ನಿಮಗೆ ಗೊತ್ತಿದೆ."

"ಗೊತ್ತಿದೆ, ಗೊತ್ತಿದೆ. ಆದ್ರೂ ಯಜಮಾನರು ಅವರೇ ಅಲ್ವಾ?"

ಅತ್ತೆ, "ದೇವರ ಮುಂದೆ ಭೇದ ಇಲ್ಲ ಅಂತ ಸೋಮವಾರ ಸೋಮವಾರ ಹೇಳಿಸ್ತೀರಿ. ಸಂಬಳದ ದಿನ ಮಾತ್ರ ಎಲ್ಲಿಂದ ಬರುತ್ತೆ ಸಾರ್ ಈ ಭೇದ?" ಎಂದರು.

ಕಾರ್ಯದರ್ಶಿ ನಕ್ಕರು. ಮಗು ಜಾಣತನದ ಮಾತಾಡಿದಾಗ ನಗುವ ಹಾಗಿತ್ತು ಆ ನಗು. "ಅರ್ಜಿ ಬರೆದು ಕೊಡಿ. ವಾರ್ಷಿಕೋತ್ಸವ ಮುಗೀಲಿ, ಕಮಿಟಿ ಮುಂದೆ ಇಡ್ತೀನಿ," ಎಂದರು.

ಅತ್ತೆ ಅರ್ಜಿ ಬರೆದರು. ಹೊಸ ಮೇಷ್ಟ್ರು ತಾವಾಗಿಯೇ ಬಂದು, "ನಾನೂ ಸಹಿ ಹಾಕ್ತೀನಿ ಮೇಡಂ," ಎಂದು ಅತ್ತೆಯ ಹೆಸರಿನ ಕೆಳಗೆ ಸಹಿ ಮಾಡಿದರು. ಮೂರು ದಿನ ಬಿಟ್ಟು ಮತ್ತೆ ಬಂದರು, ಬಾಗಿಲಲ್ಲೇ ನಿಂತರು. ಹೆಂಡತಿ ಬಸುರಿ, ಹೆಡ್ಮಾಸ್ಟರು ಕರೆದು ಮಾತಾಡಿದ್ದಾರೆ, ಸಹಿ ಹಿಂದೆ ತೆಗೆದುಕೊಂಡಿದ್ದೇನೆ ಎಂದರು. ಅವರ ಕಣ್ಣು ತುಂಬಿತ್ತು. ಅತ್ತೆ, "ಒಳಗೆ ಬನ್ನಿ, ಕಾಫಿ ಕುಡೀರಿ," ಎಂದರು. ಅವರು ಬರಲಿಲ್ಲ.

ಅರ್ಜಿಯ ಸುದ್ದಿ ಶಾಲೆಯಲ್ಲೆಲ್ಲ ಹಬ್ಬಿತ್ತು. ಅದಕ್ಕೇ ಹೆಡ್ಮಾಸ್ಟರಿಗೆ ಆ ವಿಷಯ ಹೊಳೆದಿರಬೇಕು. ವಾರ್ಷಿಕೋತ್ಸವದ ಚರ್ಚಾಸ್ಪರ್ಧೆಗೆ ಹೆಂಗಸರ ಸಂಬಳದ ಪ್ರಶ್ನೆಯನ್ನೇ ಇಟ್ಟರು. ಪರ ಯಾರು, ವಿರೋಧ ಯಾರು ಎಂದು ಚೀಟಿ ಎತ್ತಿಸಿದರು. ನನಗೆ ವಿರೋಧ ಬಂತು.

ಮನೆಗೆ ಬಂದು ನಾನು ಮುಖ ಊದಿಸಿಕೊಂಡು ಕೂತೆ. "ನಾನು ಮಾತಾಡಲ್ಲ ಅತ್ತೆ," ಎಂದೆ.

ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. "ಯಾಕೆ ಮಾತಾಡಲ್ಲ? ಚೀಟೀಲಿ ಬಂದಿದ್ದನ್ನ ಮಾತಾಡ್ಬೇಕು ಮಗಾ. ಎದುರಿಗಿರೋರು ಏನು ಯೋಚ್ನೆ ಮಾಡ್ತಾರೆ ಅಂತ ಗೊತ್ತಾದ್ರೆ ಒಳ್ಳೇದೇ. ಬಾ, ನಾನೇ ಹೇಳ್ಕೊಡ್ತೀನಿ."

ಹೇಳಿಕೊಟ್ಟರು. ಒಂದು ವಾರ ಸಂಜೆ ಹೊತ್ತು ಅಡುಗೆಮನೆಯಲ್ಲಿ ನಮ್ಮದು ಅದೇ ಕೆಲಸ. ಕಾರ್ಯದರ್ಶಿಯ ಬಾಯಿಂದ ಕೇಳಿದ್ದನ್ನೆಲ್ಲ, ಕೇಳದಿದ್ದದ್ದನ್ನೂ ಸೇರಿಸಿ, ಅತ್ತೆ ನನ್ನ ಬಾಯಿಗಿಟ್ಟರು. ಧರ್ಮಸಂಸ್ಥೆ ತನ್ನ ಸಂಪ್ರದಾಯದಂತೆ ನಡೆಯುವುದು ಅದರ ಹಕ್ಕು. ದೇಶದ ಕಾನೂನೇ ಆ ಹಕ್ಕು ಕೊಟ್ಟಿದೆ. ಸರ್ಕಾರ ಇವತ್ತು ಸಂಬಳದಲ್ಲಿ ಕೈಹಾಕಿದರೆ ನಾಳೆ ಪೂಜೆಯಲ್ಲಿ ಕೈಹಾಕುತ್ತದೆ. ಒಪ್ಪಿಗೆಯಿಲ್ಲದವರು ಬೇರೆ ಕಡೆ ಕೆಲಸ ಹುಡುಕಿಕೊಳ್ಳಬಹುದು. ಇಷ್ಟನ್ನೂ ಹೇಳಿಕೊಟ್ಟು, "ಈಗ ನಾನು ಪರ ಮಾತಾಡ್ತೀನಿ, ನೀನು ಉತ್ತರ ಕೊಡು," ಎನ್ನುತ್ತಿದ್ದರು. ಎಷ್ಟೋ ಸಲ ಅವರ ಮಾತಿಗೆ ನನ್ನಲ್ಲಿ ಉತ್ತರ ಇರುತ್ತಿರಲಿಲ್ಲ. ಆಗ ಅವರೇ ನನ್ನ ಪರವಾಗಿಯೂ ಉತ್ತರ ಹುಡುಕಿ ಕೊಡುತ್ತಿದ್ದರು. ಅಪ್ಪ ನಡುಮನೆಯಿಂದ ಕೇಳಿಸಿಕೊಳ್ಳುತ್ತಾ, "ತಂಗಿ, ನಿನ್ನನ್ನ ಕೊಯ್ಯೋ ಕತ್ತಿಗೆ ನೀನೇ ಸಾಣೆ ಹಿಡೀತಿದೀಯಲ್ಲ," ಎಂದು ನಗುತ್ತಿದ್ದರು.

ಸ್ಪರ್ಧೆಯ ಹಿಂದಿನ ದಿನ ನನಗೊಂದು ಮಾತು ಹೊಳೆಯಿತು. ಭಾಷಣದ ಕೊನೆಗೆ ಬೇಕಾದ ಏಟು ಅದರಲ್ಲಿದೆ ಅನ್ನಿಸಿತು. ಅದನ್ನು ಅತ್ತೆಗೆ ತೋರಿಸಲಿಲ್ಲ. ನಾನೇ ಸ್ವಂತ ಕಂಡುಹಿಡಿದ ಮಾತೆಂಬ ಹಮ್ಮು.

ವಾರ್ಷಿಕೋತ್ಸವಕ್ಕೆ ಅಪ್ಪನೂ ಬಂದರು. ಅಮ್ಮ ಬೇಡವೆಂದರೂ ಕೇಳದೆ, ಕೋಟು ತೊಟ್ಟು, ಜಟಕಾ ಮಾಡಿಕೊಂಡು ಬಂದು ಮುಂದಿನಿಂದ ಮೂರನೆಯ ಸಾಲಿನಲ್ಲಿ ಕೂತರು. ಅತ್ತೆ ಬೇರೆ ಮೇಡಂಗಳ ಜೊತೆ ಹಿಂದೆ ನಿಂತಿದ್ದರು. ಕಾರ್ಯದರ್ಶಿ, ಕಮಿಟಿಯ ಹಿರಿಯರು ಎಲ್ಲ ಮುಂದಿನ ಕುರ್ಚಿಗಳಲ್ಲಿ.

ನಾನು ಚೆನ್ನಾಗಿ ಮಾತಾಡಿದೆ. ಅತ್ತೆ ಹೇಳಿಕೊಟ್ಟ ಜಾಗದಲ್ಲಿ ನಿಲ್ಲಿಸಿ, ಹೇಳಿಕೊಟ್ಟ ಜಾಗದಲ್ಲಿ ದನಿಯೇರಿಸಿ ಮಾತಾಡಿದೆ. ಕೊನೆಗೆ ನನ್ನ ಸ್ವಂತದ ಮಾತು ಬಂತು: "ಹೆಂಗಸಿನ ಸಂಪಾದನೆಯಲ್ಲಿ ಊಟ ಮಾಡುವ ಮನೆಯ ಗಂಡಸನ್ನು ಕೇಳಿ ನೋಡಿ, ಅವನು ಬೀದಿಯಲ್ಲಿ ತಲೆಯೆತ್ತಿ ನಡೆಯಬಲ್ಲನೇ? ಅಂಥ ಮನೆಗಳು ಹೆಚ್ಚಾಗಲಿ ಎಂದು ನಾವು ಬಯಸಬೇಕೇ?"

ಚಪ್ಪಾಳೆ ಬಿತ್ತು. ಕಾರ್ಯದರ್ಶಿ ಕುರ್ಚಿಯಲ್ಲಿ ಮುಂದೆ ಬಾಗಿ ತಟ್ಟುತ್ತಿದ್ದರು. ಆ ಚಪ್ಪಾಳೆಯ ನಡುವೆ ನಾನು ಅಪ್ಪನನ್ನು ನೋಡಿದೆ. ಅವರೂ ತಟ್ಟುತ್ತಿದ್ದರು. ಎರಡು ಕೈಯೂ ಒಂದಕ್ಕೊಂದು ಸೇರುತ್ತಿದ್ದವು, ಮುಖ ಮಾತ್ರ ನನ್ನ ಕಡೆ ಇರಲಿಲ್ಲ. ಆಗ ನನಗೆ ನಾನೇನು ಹೇಳಿದೆ ಎಂಬುದು ತಿಳಿಯಿತು. ನಿಜವಾಗಿ ಹೇಳುತ್ತೇನೆ, ಅಲ್ಲಿಯ ತನಕ ತಿಳಿದಿರಲಿಲ್ಲ. ಅದು ನನಗೆ ಬರೀ ಒಂದು ಒಳ್ಳೆಯ ವಾಕ್ಯವಾಗಿತ್ತು.

ಮನೆಗೆ ಬಂದ ಮೇಲೆ ಅತ್ತೆ, "ಚೆನ್ನಾಗಿ ಮಾತಾಡ್ದೆ," ಎಂದರು. ಅಷ್ಟೇ. ಅಪ್ಪ ಊಟಕ್ಕೆ ಕೂತು, ಮುದ್ದೆ ಮುರಿದು, ಹಾಗೇ ಎದ್ದರು. "ಜಟಕಾದಲ್ಲಿ ಕುಲುಕಾಡಿ ಹೊಟ್ಟೆ ಒಂಥರಾ ಆಗಿದೆ," ಎಂದರು ಅಮ್ಮನಿಗೆ.

ಕಮಿಟಿ ಸೇರಿತು. ಅರ್ಜಿ ತಿರಸ್ಕಾರವಾಯಿತು. ಕಾರ್ಯದರ್ಶಿ ಅತ್ತೆಯನ್ನು ಕರೆಸಿ, "ನಾವು ಹೇಳಿದ್ರೆ ಹಳೇ ಕಾಲದೋರು ಅಂತೀರಿ. ನಿಮ್ಮ ಮನೆ ಮಗುವೇ ಸಭೇಲಿ ಎಷ್ಟು ಚೆನ್ನಾಗಿ ಹೇಳ್ತು, ಕೇಳಿದ್ರಲ್ಲ ತಾಯಿ," ಎಂದರಂತೆ. ಇದನ್ನು ಅತ್ತೆ ನನಗೆ ಹೇಳಲಿಲ್ಲ. ಶಾಲೆಯ ಇನ್ನೊಬ್ಬ ಮೇಡಂ ಅಮ್ಮನಿಗೆ ಹೇಳುತ್ತಿದ್ದಾಗ ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡೆ.

ಅತ್ತೆ ಅಲ್ಲಿಗೆ ಬಿಡಲಿಲ್ಲ. ವಿದ್ಯಾ ಇಲಾಖೆಯ ಕಚೇರಿಗೆ ಹೋದರು. ಜೊತೆಗೆ ನಾನೂ ಹೋಗಿದ್ದೆ, ಅವರು ಕರೆಯದಿದ್ದರೂ. ಅಲ್ಲಿನ ಅಧಿಕಾರಿ ಕಾಗದ ಓದಿ ಕನ್ನಡಕ ತೆಗೆದಿಟ್ಟರು.

"ಅನುದಾನ ತೊಗೊಳ್ಳೋ ಸ್ಕೂಲಾಗಿದ್ರೆ ಕೇಳಬಹುದಿತ್ತಮ್ಮ. ಇದು ಧಾರ್ಮಿಕ ಟ್ರಸ್ಟು. ಅವರ ಪದ್ಧತಿ ಅವರದು. ಧರ್ಮದ ವಿಷಯಕ್ಕೆ ನಾವು ಕೈ ಹಾಕಲ್ಲ."

"ಇದು ಧರ್ಮದ ವಿಷಯ ಅಲ್ಲ ಸಾರ್, ಸಂಬಳದ ವಿಷಯ," ಎಂದರು ಅತ್ತೆ.

"ಅವರು ಎರಡೂ ಒಂದೇ ಅಂತಾರಲ್ಲಮ್ಮ," ಎಂದರು ಆತ. ದನಿಯಲ್ಲಿ ಬೇಸರವಿತ್ತು, ತಮಾಷೆ ಇರಲಿಲ್ಲ. ಕಾಗದವನ್ನು ನೀಟಾಗಿ ಮಡಚಿ ವಾಪಸು ಕೊಟ್ಟರು.

ಪರೀಕ್ಷೆಗಳು ಮುಗಿದು ಶಾಲೆಗೆ ರಜ ಬಂದಾಗ ಅತ್ತೆಗೆ ನಾಲ್ಕು ಸಾಲಿನ ಕಾಗದ ಬಂತು. ಮುಂದಿನ ವರ್ಷ ತಮ್ಮ ಸೇವೆ ಅಗತ್ಯವಿಲ್ಲ, ಇದುವರೆಗಿನ ಸೇವೆಗೆ ಕೃತಜ್ಞತೆಗಳು. ಅತ್ತೆ ಅದನ್ನು ಅಪ್ಪನ ಕೈಗೆ ಕೊಟ್ಟು ಹಿತ್ತಲಿಗೆ ಹೋದರು. ಬಟ್ಟೆ ಒಗೆಯುವ ಸದ್ದು ತುಂಬ ಹೊತ್ತು ಕೇಳಿಸುತ್ತಿತ್ತು. ಒಗೆಯಲು ಅವತ್ತು ಅಷ್ಟು ಬಟ್ಟೆ ಇರಲಿಲ್ಲ.

ಅಪ್ಪ ಯಾರಿಗೂ ಹೇಳದೆ ಹೋಗಿ ಹತ್ತಿರದ ಮರದ ಡಿಪೋದಲ್ಲಿ ಚೀಟಿ ಬರೆಯುವ ಕೆಲಸ ಹಿಡಿದರು. ಅಮ್ಮ ಅತ್ತಳು. ಅತ್ತೆ, "ಅಣ್ಣ, ಆ ಹೊಟ್ಟಿನ ಧೂಳಲ್ಲಿ ನೀನು ಬದುಕಲ್ಲ. ಬೇಡ," ಎಂದು ಅಂಗಲಾಚಿದರು. ಅಪ್ಪ, "ನಾನೂ ಸ್ವಲ್ಪ ದಿನ ಬೀದೀಲಿ ನಡೆದಾಡ್ತೀನಿ, ಬಿಡು," ಎಂದರು. ನಾನು ಅಲ್ಲೇ ಇದ್ದೆ. ಅವರು ನನ್ನನ್ನು ನೋಡದೆ ಹಾಗೆಂದರು. ಮೂರೂವರೆ ತಿಂಗಳಿಗೆ ಡಿಪೋದವರೇ ಅವರನ್ನು ಕೈಗಾಡಿಯಲ್ಲಿ ಮಲಗಿಸಿ ಮನೆಗೆ ತಂದರು. ಆಮೇಲೆ ಅವರು ಮಂಚ ಬಿಟ್ಟು ಬಾಗಿಲ ತನಕ ಬರುವುದೂ ಕಷ್ಟವಾಯಿತು.

ಆ ವೇಳೆಗೆ ಅತ್ತೆಗೆ ಕನಕಪುರದಲ್ಲಿ ಕೆಲಸ ಸಿಕ್ಕಿತ್ತು. ಸರ್ಕಾರದ ಶಾಲೆ. ಗಂಡಸರಿಗೂ ಹೆಂಗಸರಿಗೂ ಒಂದೇ ಸಂಬಳ. ಆದರೆ ಹನ್ನೆರಡು ವರ್ಷದ ಅನುಭವವನ್ನು ಅಲ್ಲಿ ಯಾರೂ ಎಣಿಸಲಿಲ್ಲ. ನಿನ್ನೆ ಮೊನ್ನೆ ಪಾಸಾದ ಹುಡುಗಿಯರ ಜೊತೆ ಕೊನೆಯ ಮೆಟ್ಟಿಲಿನಿಂದ ಶುರು ಮಾಡಬೇಕಾಯಿತು. ದಿನಾ ಹೋಗಿ ಬರುವಂತಿರಲಿಲ್ಲ. ಅಲ್ಲೇ ಒಬ್ಬರ ಮನೆಯ ಹಿಂಭಾಗದ ಕೋಣೆ ಹಿಡಿದರು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಬಂದು ಭಾನುವಾರ ಸಂಜೆ ಹೋಗುತ್ತಿದ್ದರು.

ಒಂದು ಭಾನುವಾರ ಅವರನ್ನು ಬಸ್ಸಿಗೆ ಬಿಡಲು ಬನಶಂಕರಿ ಗುಡಿಯ ಹತ್ತಿರದ ತನಕ ಹೋಗಿದ್ದೆ. ಕನಕಪುರದ ಬಸ್ಸು ಆ ದಾರಿಯಲ್ಲೇ ಹೋಗುತ್ತಿತ್ತು. ಅತ್ತ ಕಡೆ ಆಗ ಇನ್ನೂ ರಾಗಿ ಹೊಲ. ಬಸ್ಸು ತಡವಾಗಿತ್ತು. ಎರಡು ವರ್ಷದಿಂದ ಗಂಟಲಲ್ಲಿದ್ದ ಮಾತನ್ನು ಅಲ್ಲಿ ಕೇಳಿದೆ.

"ಅತ್ತೆ, ಇದೆಲ್ಲ ನನ್ನಿಂದ ಆಯ್ತಾ?"

ಅತ್ತೆ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು. "ಇಲ್ಲ ಮಗಾ. ಅವರು ಕೊಡಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ರು. ನೀನು ಮಾತಾಡದಿದ್ರೂ ಕೊಡ್ತಿರ್ಲಿಲ್ಲ. ನಾನು ಸುಮ್ನೆ ಇರೋಳಲ್ಲ, ಕೆಲಸದಿಂದ ತೆಗೀದೇ ಇರ್ತಿರ್ಲಿಲ್ಲ."

ನನಗೆ ಉಸಿರು ಹಗುರಾಯಿತು. ಅವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

"ಆದ್ರೆ ಆ ಕೊನೇ ಮಾತು ಇತ್ತಲ್ಲ," ಎಂದರು, "ಅದು ನಾನು ಹೇಳ್ಕೊಟ್ಟಿದ್ದಲ್ಲ. ಅಣ್ಣನಿಗೆ ಅದನ್ನ ಹೇಳ್ಬಿಡು ಅಂತ ನಿನಗೆ ಹೇಳ್ಬೇಕು ಅಂತ ಎಷ್ಟು ಸಲ ಅನ್ನಿಸ್ತು. ಮಿಕ್ಕ ಭಾಷಣದ ಹಾಗೆ ಅದನ್ನೂ ನಾನೇ ಬರ್ಕೊಟ್ಟೆ ಅಂತ ಅವನು ಅಂದ್ಕೊಂಡಿದಾನೆ."

ಅಷ್ಟು ಕಾಲ ಅಪ್ಪ ನನ್ನ ಮೇಲೆ ನೊಂದುಕೊಂಡಿದ್ದಾರೆ ಎಂದುಕೊಂಡಿದ್ದೆ. ಅವರು ನೊಂದದ್ದು ತಂಗಿಯ ಮೇಲೆ. ತನ್ನನ್ನು ಸಾಕುತ್ತಿರುವ ತಂಗಿಯ ಮನಸ್ಸಿನಲ್ಲಿ ಅಂಥ ಮಾತಿದೆ ಎಂದು ನಂಬಿ ಅವರು ಡಿಪೋಗೆ ಹೋಗಿದ್ದರು. ಅತ್ತೆಗೆ ಅದು ಗೊತ್ತಿತ್ತು. ನನ್ನನ್ನು ತೋರಿಸಿಕೊಡಬಾರದೆಂದು ಅವರು ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದರು.

"ಇವತ್ತೇ ಹೇಳ್ತೀನಿ ಅತ್ತೆ," ಎಂದೆ. ಬಸ್ಸು ಬಂತು. ಅವರು ಹತ್ತಿ ಕೂತು ಕಿಟಕಿಯಿಂದ ಕೈ ಹೊರಗಿಟ್ಟು ನನ್ನ ತಲೆ ಮುಟ್ಟಿದರು.

ಅವತ್ತು ಹೇಳಲಿಲ್ಲ. ಮನೆಗೆ ಹೋದಾಗ ಅಪ್ಪನಿಗೆ ಕೆಮ್ಮು ಜಾಸ್ತಿಯಾಗಿತ್ತು. ಮಾರನೆಯ ದಿನ ಕಾಲೇಜಿತ್ತು. ಆಮೇಲೆ ಇನ್ನೊಂದು ಕಾರಣ, ಮತ್ತೊಂದು ಕಾರಣ. ಹೆದರಿಕೆಯೆಂದು ಒಪ್ಪಿಕೊಳ್ಳುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು. ಶನಿವಾರ ಬಂದ ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ ಒಳಗೆ ಹೋಗುತ್ತಿದ್ದರು. ಅಣ್ಣತಂಗಿ ಮಾತಾಡುತ್ತಿದ್ದರು, ಜ್ವರ, ಔಷಧಿ, ಮಳೆ, ಬಸ್ಸು. ಮೊದಲಿನ ಹಾಗೆ ನಗುತ್ತಿರಲಿಲ್ಲ.

ಮೂರನೆಯ ವರ್ಷದ ಮಳೆಗಾಲದಲ್ಲಿ ಅತ್ತೆ ಎರಡು ಶನಿವಾರ ಬರಲಿಲ್ಲ. ಸ್ವಲ್ಪ ಜ್ವರ, ಚಿಂತೆ ಬೇಡ ಎಂದು ಕಾರ್ಡು ಬಂತು. ಅದರ ಹಿಂದೆಯೇ ತಂತಿ ಬಂತು. ನಾನೂ ಅಮ್ಮನೂ ಹೋಗಿ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಟೈಫಾಯಿಡು ಎಂದರು. ಶಾಲೆಯವರು, ಮಕ್ಕಳು ಅಂಗಳದ ತುಂಬ ನಿಂತಿದ್ದರು. ಊರ ಹೊರಗಿನ ತೋಟದಲ್ಲಿ ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದೆವು. ಅವರ ಅಣ್ಣನಿಗೆ ಬರಲು ಆಗಲಿಲ್ಲ, ಬಸ್ಸಿನಲ್ಲಿ ಅಷ್ಟು ದೂರ ಕೂರುವ ಶಕ್ತಿ ಅವರಿಗಿರಲಿಲ್ಲ.

ವಾಪಸು ಬಂದಾಗ ಅಪ್ಪ ಮಂಚದಿಂದಿಳಿದು, ಗೋಡೆ ಹಿಡಿದು ಹೊಸಿಲ ಹತ್ತಿರ ಬಂದು ಕೂತಿದ್ದರು. ಅಮ್ಮ ನೇರ ಬಚ್ಚಲಿಗೆ ಹೋದಳು. ನಾನು ಅಪ್ಪನ ಪಕ್ಕ ಕೂತು ಹೇಳಿದೆ, ಆ ಮಾತು ನನ್ನದು, ಅತ್ತೆಗೆ ಗೊತ್ತೇ ಇರಲಿಲ್ಲ, ನಾನು ತೋರಿಸಿರಲಿಲ್ಲ ಎಂದು. ಅತ್ತೆ ಇದ್ದಾಗ ಹೇಳದೆ, ಹೋದ ಮೇಲೆ ಹೇಳಿದೆ.

ಅಪ್ಪ ಬಯ್ಯುತ್ತಾರೆಂದು ಕಾದೆ, ಬಯ್ಯಲಿ ಎಂದು ಬೇಡಿಕೊಂಡೆ. ಕೊನೆಗೆ ಅವರು ಕೇಳಿದ್ದು ಬೇರೆಯೇ.

"ಅಲ್ಲಿ ಜ್ವರ ಬಂದು ಮಲಗಿದ್ದಾಗ ಅವಳ ಹತ್ರ ಯಾರಾದ್ರೂ ಇದ್ರಾ?"

ನನಗೆ ಗೊತ್ತಿರಲಿಲ್ಲ. ಕೇಳಬೇಕೆಂದು ಅಲ್ಲಿ ತೋಚಿರಲಿಲ್ಲ.

"ಇದ್ರು ಅಪ್ಪ," ಎಂದೆ. "ಯಾವಾಗ್ಲೂ ಒಬ್ರು ಇರ್ತಿದ್ರಂತೆ."

ಅಪ್ಪ ತಲೆಯಾಡಿಸಿದರು. ನಾನು ಅವರ ತೋಳು ಹಿಡಿದು ಎಬ್ಬಿಸಿ, ನಿಧಾನವಾಗಿ ನಡೆಸಿಕೊಂಡು ಒಳಗೆ ಕರೆದೊಯ್ದೆ.